ಗಂಟನ್ನು ವಾಡಿಗೆ ಕಳಿಸಬೇಡ

ಚಿಂಚೋಳಿ,
ಬಹುಧಾನ್ಯ ಸಂವತ್ಸರ, ಶ್ರಾವಣ ಶುದ್ಧ ದಶಮಿ, ೧೯೩೮

ಪ್ರೀತಿಯ ಗೆಳತಿ ಹಣಮಮ್ಮನಿಗೆ ರತ್ನಾಬಾಯಿಯ ಶರಣು.

‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆದೇ ಕಾಗದ ಶುರು ಮಾಡಬೇಕೆಂದು ನಿನಗೆ ಕಲಿಸಿದವಳು ನಾನೇ. ಇವತ್ತು ಆ ಸಾಲು ನನ್ನ ಕೈಯಿಂದ ಇಳಿಯುತ್ತಿಲ್ಲ. ಎರಡು ಹಾಳೆ ಹರಿದು ಹಾಕಿದೆ, ಇದು ಮೂರನೆಯದು.

ನಿನ್ನ ಕಾಗದ ಪಂಚಮಿಯ ದಿನ ಮುಟ್ಟಿತು. ಅಂಗಳದ ಬೇವಿನ ಮರಕ್ಕೆ ಅತ್ತೆ ಜೋಕಾಲಿ ಕಟ್ಟಿಸಿದ್ದರು, ನನ್ನ ಮಗಳು ಲಿಂಗಿ ಅದರ ಮೇಲೆ ನಿಂತು ಜೀಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಓದಿದೆ. ನೀನು ಮಾತಾಡಿದ ಹಾಗೆಯೇ ಬರೆಯುವವಳು, ಎಷ್ಟು ತಿದ್ದಿದರೂ ಕೇಳಲಿಲ್ಲ. ಈಗ ನಿನ್ನ ಒಂದೊಂದು ಸಾಲೂ ನಿನ್ನ ದನಿಯಲ್ಲೇ ಕೇಳಿಸುತ್ತದೆ.

“ವೈಶಾಖದಾಗ ನಮ್ಮ ಹೀರಾಗ ದೇವಿ ಬಂದಿದ್ಲು ಅಕ್ಕ. ಜೀವ ಉಳೀತು. ಎರಡೂ ಕಣ್ಣು ಹೋದವು. ದೇವಿ ಬಂದ ಮನಿಯಿಂದ ಒಂದು ಕಡ್ಡೀನೂ ಹೊರಗ ಕೊಡಬಾರದಂತ ನಮ್ಮ ಅತ್ತಿ ಹಟ ಹಿಡದ್ರು, ಅದಕ್ಕ ಪುಸ್ತಕದ ಗಂಟು ವಾಡಿಗಿ ಹೋಗಲಿಲ್ಲ. ನಿನ್ನ ಕಾಯ್ದೆ ಮುರದೀನಿ, ಸಿಟ್ಟಾಗಬ್ಯಾಡ. ನೂಲ ಹುಣ್ಣಿಮಿಗಿ ಮನಿಯವರ ಕೈಲೆ ಖರೇನ ಕಳಸತೀನಿ. ಈಗ ಹೀರಾಗ ಓದಿ ಹೇಳಲಿಕ್ಕ ಸಣ್ಣ ಮಕ್ಕಳ ಹೊಸ ಪುಸ್ತಕ ಯಾವ್ಯಾವು ಬಂದಾವ, ಬರಿ. ಚಿತ್ರ ಇಲ್ಲದಿದ್ರೂ ನಡೀತದ.”

ಸಿಡುಬಿಗೆ ನಿನ್ನ ಮಗಳ ಎರಡೂ ಕಣ್ಣು ಹೋದವು ಎಂಬುದಕ್ಕೆ ನೀನು ಕೊಟ್ಟದ್ದು ಮೂರು ಮಾತು. ಗಂಟು ತಡವಾದದ್ದಕ್ಕೆ ತಪ್ಪೊಪ್ಪಿಗೆಯಾಗಿ ಮೂರು ಪೂರಾ ಸಾಲು. ಐದು ದಿನದಿಂದ ಅದನ್ನೇ ಓದುತ್ತಿದ್ದೇನೆ ಹಣಮಮ್ಮ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಗಂಟನ್ನು ವಾಡಿಗೆ ಕಳಿಸಬೇಡ. ಹುಣ್ಣಿಮೆಗೂ ಬೇಡ, ಆಮೇಲೂ ಬೇಡ. ಅದರೊಳಗಿನ ಪುಸ್ತಕಗಳು ಹಳತಾದವು, ಹಾಳೆ ಬಿಟ್ಟಿವೆ, ಹುಳ ಹಿಡಿದಿದೆ. ವಾಡಿಯ ಅಖ್ತರ ಬೇಗಂ ಅವರಿಗೆ ನಾನೇ ಬೇರೆ ಕಾಗದ ಬರೆಯುತ್ತೇನೆ. ಅವರ ಮಗಳು ಶಹರಬಾನು ಮತ್ತು ಅವಳ ಇಬ್ಬರು ತಂಗಿಯರು ದಾರಿ ಕಾಯುತ್ತಿರುತ್ತಾರೆಂದು ನಿನಗೆ ಕಸಿವಿಸಿಯಾದೀತು. ಕಾಯಲಿ.

ಕಾಯ್ದೆ ಮಾಡಿದವಳೇ ಮುರಿ ಎನ್ನುತ್ತಾಳಲ್ಲ ಎಂದು ನಿನಗೆ ಅನ್ನಿಸದೆ ಇರದು. ನಾಲ್ಕು ವರ್ಷದ ಹಿಂದೆ ವಾಡಿ ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ನಾವು ಮೂವರು ಕುಳಿತಾಗ ನನಗೆ ಎಷ್ಟು ಹುರುಪಿತ್ತು! ಸರಕಾರಿ ಮದರಸಾದಲ್ಲಿ ಎಲ್ಲ ಉರ್ದು, ಮಕ್ಕಳ ಬಾಯಲ್ಲಿ ಕನ್ನಡ, ಓದಲು ಕನ್ನಡದ ಒಂದು ಕಥೆಯಿಲ್ಲ. ಧಾರವಾಡದಿಂದ ತರಿಸಿದ ಹತ್ತು ಪುಸ್ತಕ ಮೂರು ಮನೆಗೆ ತಿರುಗಲಿ ಎಂದವಳು ನಾನು. ಚಿಂಚೋಳಿಯಿಂದ ಶಹಾಬಾದದ ನಿಮ್ಮ ಮನೆಗೆ, ಶಹಾಬಾದದಿಂದ ವಾಡಿಗೆ, ವಾಡಿಯಿಂದ ಮತ್ತೆ ಚಿಂಚೋಳಿಗೆ. ಅಮಾವಾಸ್ಯೆ ದಾಟಿ ಯಾವ ಮನೆಯಲ್ಲೂ ಗಂಟು ನಿಲ್ಲಬಾರದು. ಗಂಟಿನ ಬಾಯಿ ಹೊಲಿದೇ ಕಳಿಸಬೇಕು, ಅದು ಹೋಗಿ ಮುಟ್ಟಿದ ಮನೆಯವರೇ ಹೊಲಿಗೆ ಬಿಚ್ಚಬೇಕು. ಅಖ್ತರ ಬೇಗಂ ನಕ್ಕು, “ಏನವ್ವಾ, ನಿಜಾಮ ಸರಕಾರಕ್ಕಿಂತಾ ನಿನ್ನ ಹುಕುಂ ಜೋರದ” ಎಂದಿದ್ದರು. ಆಗ ನನಗೆ ಹೆಮ್ಮೆಯಾಗಿತ್ತು.

ಇನ್ನು ನೀನು ಕೇಳಿದ ಪುಸ್ತಕಗಳು. ಧಾರವಾಡದಿಂದ ಹೊಸ ಪಟ್ಟಿ ಆಷಾಢದಲ್ಲೇ ಬಂದಿತ್ತು. ನಾಲ್ಕು ಪುಸ್ತಕ ತರಿಸಿ ಓದಿಯೂ ಇಟ್ಟಿದ್ದೆ, ನಿನ್ನ ಕಾಗದ ಬರುವ ಮೊದಲು.

ಎಲ್ಲಕ್ಕಿಂತ ಮೊದಲು ಹೀರಾಗೆ ಓದಬೇಕಾದದ್ದು ಅಳಿಲಿನ ಅಂಗಡಿಯ ಕಥೆ. ಸಣ್ಣ ಪುಸ್ತಕ, ಹದಿನಾರೇ ಪುಟ. ಅಳಿಲಮ್ಮ ಅಂಗಡಿ ಇಟ್ಟಿರುತ್ತಾಳೆ, ಒಂದೊಂದೇ ಪ್ರಾಣಿ ಬಂದು “ಅಂಗಡಿಯವ್ವಾ, ಕದ ತೆಗಿ” ಎನ್ನುತ್ತದೆ. ಇಲಿಗೆ ಇಲಿಯ ದನಿ, ಎಮ್ಮೆಗೆ ಎಮ್ಮೆಯ ದನಿ ಕೊಟ್ಟು ಓದು. ಮೂರನೆಯ ಪ್ರಾಣಿ ಬರುವಷ್ಟರಲ್ಲಿ ಹೀರಾ ನಿನಗಿಂತ ಮೊದಲೇ ಕೂಗುತ್ತಾಳೆ. ಇದಕ್ಕೆ ಚಿತ್ರ ಬೇಕಾಗಿಲ್ಲ. ಲಿಂಗಿ ಕೂಡ ಕಣ್ಣು ಮುಚ್ಚಿಯೇ ಕೇಳಿದಳು.

ಇನ್ನೊಂದು ಹೊಳೆಯ ಕಥೆ. ಹರಿಗೋಲಿನಲ್ಲಿ ಕುಳಿತು ಅಜ್ಜನ ಊರಿಗೆ ಹೋಗುವ ಹುಡುಗಿಯದು. ಬರೆದ ಪುಣ್ಯಾತ್ಮ ಒಂದು ದಿನವೂ ಹರಿಗೋಲಿನಲ್ಲಿ ಕುಳಿತವನಲ್ಲ. ಹರಿಗೋಲು ಬಾಣದಂತೆ ನೆಟ್ಟಗೆ ಹೋಯಿತು ಎಂದು ಬರೆದಿದ್ದಾನೆ! ಅದು ಗಿರಗಿರ ತಿರುಗುತ್ತ ಹೋಗುವುದನ್ನು ನಿಮ್ಮಪ್ಪನ ಹರಿಗೋಲಿನಲ್ಲಿ ಕುಳಿತು ನಾವು ಎಷ್ಟು ಸಲ ನೋಡಿಲ್ಲ. ಆ ಪುಟ ಬಂದಾಗ ಪುಸ್ತಕ ಬದಿಗಿಟ್ಟು ನಿನ್ನ ಬಾಯಿಂದಲೇ ಹೇಳು. ನೀರಿಗೆ ಹುಟ್ಟು ಬೀಳುವ ಸಪ್ಪಳವನ್ನು ನಿಮ್ಮಪ್ಪ ಬಾಯಿಂದ ಮಾಡುತ್ತಿದ್ದರಲ್ಲ, ಅದನ್ನೂ ಮಾಡು.

ಮೂರನೆಯದನ್ನು ತರಿಸಬೇಡ. ಪ್ರತಿ ಕಥೆಯ ಕೊನೆಗೆ ದಪ್ಪ ಅಕ್ಷರದಲ್ಲಿ ನೀತಿ. ಮಗು ಕಥೆಗೆಂದು ಬಾಯಿ ತೆರೆದರೆ ಕಹಿ ಗುಳಿಗೆ ತುರುಕುತ್ತಾರೆ. ಮೊದಲೆಲ್ಲ ಇಂಥ ಪುಸ್ತಕ ಕಂಡರೆ ಬೈದು ನಗುತ್ತಿದ್ದೆ. ಈಗ ನಗಲು ಬರುವುದಿಲ್ಲ. ‘ಹಿರಿಯರ ಮಾತು ಮೀರಿದವರು ಕೆಡುತ್ತಾರೆ’ ಎಂದು ಒಂದು ಪುಟದಲ್ಲಿದೆ. ಆ ಪುಟವನ್ನು ಮಡಚಿಟ್ಟೆ.

ನಾಲ್ಕನೆಯದು ಬಣ್ಣಗಳ ಪುಸ್ತಕ. ಅದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ಹೀರಾ ಐದು ವರ್ಷ ಲೋಕ ಕಂಡವಳು. ನವಿಲು ಎಂದರೆ ನೀಲಿ, ಕುಸುಬಿಯ ಹೂವು ಎಂದರೆ ಕೇಸರಿ, ನಿಮ್ಮ ಮನೆಯ ಮುಂದಿನ ಫರಸಿ ಕಲ್ಲು ಎಂದರೆ ಬೂದಿಬಣ್ಣ ಎಂದು ಅವಳಿಗೆ ಗೊತ್ತು. ಅವು ಮರೆಯುವ ಮೊದಲು ದಿನಾ ಒಂದೊಂದನ್ನು ಹೆಸರಿಟ್ಟು ಹೇಳುತ್ತಿರು. ಎಷ್ಟು ವರ್ಷ ನೆನಪಿರುತ್ತವೋ ಕಾಣೆ.

ನನ್ನ ಕಾಗದಗಳನ್ನೂ ಹೀರಾ ಕಥೆಯ ಹಾಗೆಯೇ ಕೇಳುತ್ತಾಳೆ, ತೊಡೆಯ ಮೇಲೆ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ ಎಂದು ಬರೆದಿದ್ದೀ. ಹೀರಾ, ಕೇಳುತ್ತಿದ್ದೀಯಾ ಕಂದಾ? ಚಿಂಚೋಳಿಯ ದೊಡ್ಡವ್ವ ನಿನಗೆ ಧಾರವಾಡದಿಂದ ಅಳಿಲಿನ ಹೊಸ ಪುಸ್ತಕ ತರಿಸಿಕೊಡುತ್ತಾಳೆ. ಎಮ್ಮೆಯ ದನಿ ನೀನೇ ಮಾಡಬೇಕು, ನಿಮ್ಮವ್ವನಿಗೆ ಅದು ಚೆನ್ನಾಗಿ ಬರುವುದಿಲ್ಲ.

ನಮ್ಮ ಮನೆಯ ಸಂಗತಿ ಹೇಳುವುದು ಬಹಳ ಇಲ್ಲ. ಅಂಗಳದ ಶಾಲೆ ನಿಂತಿತು. ಒಂಬತ್ತು ಹುಡುಗಿಯರು ಬರುತ್ತಿದ್ದರು, ಕಚೇರಿಯ ಇಜಾಜತು ಇಲ್ಲದೆ ನಡೆಸಿದರೆ ತಂಟೆ ಎಂದು ಎಲ್ಲರಿಗೂ ಹೇಳಿ ಕಳಿಸಿಬಿಟ್ಟೆ. ಹೇಳಿದ್ದು ಅದು. ನಿಜವೆಂದರೆ ಪುಸ್ತಕ ಬಿಡಿಸಿ ಹಾಳೆಯ ವಾಸನೆ ಬರುತ್ತಲೇ ಮುಚ್ಚಿ ದೂರ ಇಡುತ್ತೇನೆ. ಮಕ್ಕಳ ಕೈಗೆ ಒಂದು ಹಾಳೆ ಕೊಡಲೂ ಅಂಜಿಕೆ. ಇಷ್ಟು ವರ್ಷ ನಾನು ನಂಬಿದ್ದು ಇದೊಂದನ್ನೇ. ಅದು ಹೋದ ಮೇಲೆ ಮುಂಜಾನೆ ಎದ್ದು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಲೆಯ ಮುಂದೆ ಸುಮ್ಮನೆ ಕೂಡುತ್ತೇನೆ.

ಲಿಂಗಿಗೆ ಚೈತ್ರದಲ್ಲಿ ಜ್ವರ ಬಂದಿತ್ತೆಂದು ಬರೆದಿದ್ದೆನಲ್ಲ. ಅದು ಬರೀ ಜ್ವರವಲ್ಲ, ಅವಳಿಗೂ ದೇವಿ ಬಂದಿದ್ದಳು. ಸರಕಾರದವರು ಹಿಂದಿನ ವರ್ಷ ತೋಳಿಗೆ ಚುಚ್ಚಿ ದೇವಿ ಹಾಕಿ ಹೋಗಿದ್ದರಿಂದ ಹಗುರಾಗಿ ಬಂದು ಹೋಯಿತು. ಹಣೆಯ ಮೇಲೆ ನಾಲ್ಕು ಕಲೆ ಉಳಿದಿವೆ, ಅಷ್ಟೇ. ಹಾಗೆಂದು ನೀನು ಏನೇನೋ ಯೋಚಿಸಬೇಡ. ಅವಳು ಮಲಗುವ ಮೊದಲೇ ಗಂಟು ಇಲ್ಲಿಂದ ಹೊರಟಿತ್ತು.

ನಿಮ್ಮ ಅತ್ತೆಯವರಿಗೆ ನನ್ನ ಶರಣು ತಿಳಿಸು. ಗಂಟು ತಡೆದು ಅವರು ಒಳ್ಳೆಯದನ್ನೇ ಮಾಡಿದರು ಎಂದು ಹೇಳು. ನಿಮ್ಮ ಮನೆಯವರಾದ ಕಾಶಪ್ಪನವರಿಗೆ ಗಣಿಯ ಕೆಲಸ ಬಿಟ್ಟು ವಾಡಿಗೆ ಹೋಗುವ ತೊಂದರೆ ಬೇಡ. ಹೀರಾಗೆ ಮುತ್ತು.

ಇಂತು ನಿನ್ನವಳೇ ಆದ,
ರತ್ನಾಬಾಯಿ

ಅಡಿಬರಹ: ಹಣಮಮ್ಮ, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಮುಂದಿನದನ್ನು ಮನಸ್ಸಿನಲ್ಲೇ ಓದಿಕೊ.

ಕಾಗದ ಮಡಚಿ, ಸೇಡಂಗೆ ಬಂಡಿ ಹೊಡೆಯುವ ಜಟ್ಟೆಪ್ಪನ ಕೈಗೆ ಕೊಡಲು ಹೊರಟಿದ್ದೆ. ಅತ್ತೆ ಬಾಗಿಲಲ್ಲಿ ಕುಳಿತಿದ್ದರು. “ಖರೇ ಬರದಿ ಏನವ್ವಾ?” ಎಂದು ಕೇಳಿದರು. ಹೂಂ ಎಂದು ಎರಡು ಹೆಜ್ಜೆ ಹೋದೆ. ಆಗ ನಿನ್ನ ನೆನಪಾಯಿತು. ಪುಸ್ತಕ ಹಳತಾದವು ಎಂದರೆ ನೀನು ಸುಮ್ಮನಿರುವವಳಲ್ಲ. ಹಾಳೆಗೆ ಅಂಟು ಹಚ್ಚಿ, ಬೆನ್ನು ಹೊಲಿದು, ಬಿಸಿಲಿಗೆ ಹರವಿ, ಚೊಕ್ಕ ಮಾಡಿ ಹುಣ್ಣಿಮೆಗೆ ವಾಡಿಗೆ ಕಳಿಸಿಯೇ ಕಳಿಸುತ್ತೀ, ಅಕ್ಕನ ಕಾಯ್ದೆ ಉಳಿಯಲಿ ಎಂದು. ಅದಕ್ಕೇ ತಿರುಗಿ ಬಂದು ಕುಳಿತೆ.

ಗಂಟು ಲಿಂಗಿ ಮಲಗುವ ಮೊದಲು ಹೊರಟಿರಲಿಲ್ಲ. ಅವಳಿಗೆ ದೇವಿ ಬಂದ ಹದಿನಾರನೆಯ ದಿನ ನಾನೇ ಕಟ್ಟಿದೆ. ಅಮಾವಾಸ್ಯೆ ಬಂದಿತ್ತು, ಕಾಯ್ದೆ ಮೀರುವಂತಿರಲಿಲ್ಲ. ಅತ್ತೆ ಗಂಟಿನ ಮೇಲೆ ಕೈಯಿಟ್ಟು ಕುಳಿತುಬಿಟ್ಟರು. “ಬ್ಯಾಡವ್ವಾ, ತಾಯಿ ಇನ್ನಾ ಮನ್ಯಾಗ ಅದಾಳ, ಈಗ ಯಾರಿಗೂ ಏನೂ ಕೊಡಬಾರದು” ಎಂದರು. ನಾನು ನಕ್ಕೆ. ಅಕ್ಷರ ಬಾರದವರ ಅಂಜಿಕೆ ಎಂದೆ, ಅದೂ ಅವರ ಎದುರಿಗೇ. ದೇವಿ ಬಂದ ಗುರುತಿಗೆ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಲೂ ಬಿಟ್ಟಿರಲಿಲ್ಲ, ಹುಡುಗಿಯರು ಶಾಲೆ ಬಿಟ್ಟಾರೆಂದು.

ಆ ಹದಿನಾರು ದಿನ ಲಿಂಗಿ ಪುಸ್ತಕಗಳನ್ನು ಹಾಸಿಗೆಯಲ್ಲೇ ಇಟ್ಟುಕೊಂಡಿದ್ದಳು. ಗಂಟು ಕಟ್ಟುವ ಹಳೆಯ ಬಟ್ಟೆ ಹರಿದಿತ್ತು, ಅವಳು ಹೊದ್ದ ಕೌದಿಯ ತುಂಡನ್ನೇ ಕತ್ತರಿಸಿದೆ. ಮೈಮೇಲಿನ ಒಣಗಿದ ಗುಳ್ಳೆಗಳ ಹಕ್ಕಳೆ ಉದುರಿ ಮಡಿಕೆಯಲ್ಲಿ ಸೇರಿದ್ದವು. ಕಣ್ಣಾರೆ ಕಂಡೆ. ಅಂಗಳಕ್ಕೆ ತಂದು ಕೊಡವಿದೆ. ಕೊಡವಿದರೆ ಸಾಕು ಎಂದುಕೊಂಡೆ. ಸಿಡುಬು ಬಟ್ಟೆಯಲ್ಲೂ ಹೋಗುತ್ತದೆಂದು ಸರಕಾರದವರು ಹಂಚಿದ ಚೀಟಿಯಲ್ಲಿತ್ತು. ಊರಲ್ಲಿ ಆ ಚೀಟಿಯನ್ನು ಎಲ್ಲರಿಗೂ ಓದಿ ಹೇಳಿದವಳು ನಾನೇ. ನಮ್ಮ ಲಿಂಗಿಯದು ಹಗುರಾದದ್ದು, ಅದು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೀರಾ ಕೇಳುತ್ತಾಳೆಂದು ಮೇಲೆ ಸುಳ್ಳು ಬರೆದೆ ಎನ್ನಬಹುದಿತ್ತು. ಅದೂ ಪೂರಾ ನಿಜವಲ್ಲ. ನೀನು ನನ್ನನ್ನು ಅಕ್ಕ ಎನ್ನುವುದು ನಿಂತುಹೋದೀತೆಂದು ಬರೆದೆ. ನಿನ್ನ ಕೈ ಹಿಡಿದು ಹೊಳೆಯ ಉಸುಕಿನಲ್ಲಿ ಅಕ್ಷರ ತಿದ್ದಿಸಿದವಳು ನಾನು. ಆ ಅಕ್ಷರಗಳಲ್ಲೇ ಇದನ್ನು ಓದಬೇಕಾಯಿತಲ್ಲ ನೀನು. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಬಾಯಿ ನನಗೆ ಉಳಿದಿಲ್ಲ.

ನೀನು ಹಳೆಯ ಮಾತು ಪಾಲಿಸಿದೆ, ಅಖ್ತರ ಬೇಗಂ ಅವರ ಮೂರು ಮಕ್ಕಳು ಉಳಿದವು. ನನ್ನ ಕಾಯ್ದೆ ಪಾಲಿಸಿದ್ದರೆ ಏನಾಗುತ್ತಿತ್ತೋ ಯೋಚಿಸಲಾರೆ. ಈಗಲೇ ಎದ್ದು ಆ ಕೌದಿ ಮತ್ತು ಹತ್ತೂ ಪುಸ್ತಕಗಳನ್ನು ಸುಟ್ಟುಬಿಡು. ಒಂದನ್ನೂ ಉಳಿಸಬೇಡ. ಹೀರಾ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾಳೆಂದು ಬರೆದಿದ್ದೀ. ಅತ್ತರೂ ಕೊಡಬೇಡ.

ಇಷ್ಟು ಹೊತ್ತು ನೀನು ಸುಮ್ಮನೆ ಓದುತ್ತಿದ್ದೀ. ದೊಡ್ಡವ್ವ ಮುಂದ ಏನು ಬರದಾಳ ಎಂದು ಹೀರಾ ನಿನ್ನ ಗದ್ದ ಹಿಡಿದು ಕೇಳುತ್ತಿರಬೇಕು. ಕಾಗದ ಮುಗಿಯಿತೆಂದು ಹೇಳು.