ಕೈಮಷೀನಿನ ಮೊದಲ ಹೊಲಿಗೆ

ನವೆಂಬರ್ ಹನ್ನೆರಡು, ಭಾನುವಾರ

ನನ್ನ ಪ್ರೀತಿಯ ತಂಗಿಗೆ ನಿನ್ನ ಅಣ್ಣನು ಮನಃಪೂರ್ವಕವಾಗಿ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕ್ಷೇಮವನ್ನು ನಿನ್ನ ಮಗಳ ಫೋನಿನಿಂದ ಆಗಾಗ್ಗೆ ತಿಳಿಯುತ್ತಿದ್ದೇನೆ. ಮಳೆಗಾಲ ಮುಗಿದು ಚಳಿ ಹೊಕ್ಕರೂ ಅಣ್ಣ ಒಂದು ಕಾಗದ ಹಾಕಲಿಲ್ಲವೆಂಬ ಆಕ್ಷೇಪಣೆ ನಿನಗಿದ್ದಲ್ಲಿ ಅದು ನ್ಯಾಯವಾದುದೇ. ವಿಳಂಬದ ಕಾರಣವನ್ನು ಈ ಕೆಳಗೆ ನಿವೇದಿಸಿಕೊಳ್ಳುತ್ತೇನೆ, ಪರಾಂಬರಿಸಿ ಮನ್ನಿಸುವುದು. ಇದನ್ನು ಓದಿ ನೀನು ನಗುವೆಯೆಂದು ಬಲ್ಲೆ. "ಅಣ್ಣ ಒಂದು ಲೋಟ ನೀರು ಕೇಳಿದ್ರೂ ಅರ್ಜಿ ಹಾಕಿದ ಹಾಗಿರುತ್ತೆ" ಎಂದು ಬಂದವರ ಮುಂದೆಲ್ಲ ಆಡಿಕೊಂಡವಳು ನೀನು. ಕಚೇರಿಯ ಮುಂದಿನ ಮೇಜಿನಲ್ಲಿ ಜೀವಮಾನವಿಡೀ ಜನರ ಅರ್ಜಿಗಳನ್ನು ನಕಲು ಮಾಡಿದ ಕೈಯಿದು. ಒಂದಕ್ಷರ ಹೊಡೆದು ತಿದ್ದಿದ್ದಿಲ್ಲ. ಈ ವಯಸ್ಸಿನಲ್ಲಿ ಬೇರೆ ಧಾಟಿ ಕಲಿಯುವ ಇರಾದೆ ನನಗಿಲ್ಲ.

ಕಳೆದ ಸಲ ನಾನು ಬಂದುಹೋದ ಮೇಲೆ ನಿನ್ನ ಮಗಳು ಫೋನು ಮಾಡಿದ್ದಳು. ವಿಷಯಕ್ಕೆ ಬರಲು ಬಹಳ ಹಿಂದೆಮುಂದೆ ನೋಡಿದಳು. "ಮಾವ, ತಪ್ಪು ತಿಳ್ಕೋಬೇಡಿ. ಅಮ್ಮನ ಹತ್ರ ಮಷೀನ್ ಮಾತು ಎತ್ತಬೇಡಿ. ನೀವು ಹೋದ ಮೇಲೆ ಬಲಗೈನ ಹೊದಿಕೆಯೊಳಗೆ ಸೇರಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ" ಎಂದಳು. ಪಾರ್ಶ್ವವಾಯು ಬಡಿದು ಆ ಕೈ ನಿಂತ ದಿನದಿಂದ, ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದ ನೀನು ಕತ್ತರಿಯನ್ನು ಸಹ ಕಣ್ಣೆದುರು ಇಡಬೇಡವೆಂದಿರುವೆಯಂತೆ. ಆಗಲಿ ಎಂದು ಒಪ್ಪಿದೆ. ಒಪ್ಪಿ ಬರೆಯಲು ಕುಳಿತರೆ, ಕುಶಲಪ್ರಶ್ನೆಯಾದ ಮೇಲೆ ಲೇಖನಿ ಮುಂದಕ್ಕೆ ಹೋಗಲೊಲ್ಲದು. ಹಳೆಯ ಹೊಲಿಗೆ ಮಷೀನುಗಳನ್ನು ಬಿಟ್ಟು ನಿನ್ನೊಡನೆ ಬೇರೇನು ಮಾತಾಡುತ್ತಿದ್ದೆನೆಂದು ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ವಿಳಂಬಕ್ಕೆ ಇದೇ ಕಾರಣ. ಅವಳಿಗೆ ಕೊಟ್ಟ ಮಾತನ್ನು ಈಗ ಮುರಿಯುತ್ತಿದ್ದೇನೆ. ಬೇಡವೆನಿಸಿದರೆ ಕಾಗದವನ್ನು ಇಲ್ಲಿಗೇ ಮಡಿಚಿಡು.

ಗುಜರಿಯಲ್ಲಿ ಒಂದು ಕೈಮಷೀನು ಸಿಕ್ಕಿತು. ಕಾಲಿನಿಂದ ತುಳಿಯುವುದಲ್ಲ, ಬಲಬದಿಯ ಚಕ್ರಕ್ಕೆ ಹಿಡಿಯಿದ್ದು ಕೈಯಿಂದ ತಿರುಗಿಸುವಂಥದು. ಸೈಕಲ್ ಚೈನುಗಳ ಕೆಳಗೆ ಬಿದ್ದಿತ್ತು. ಒಳಗಿನ ಎಣ್ಣೆ ಒಣಗಿ ಗೋಂದಾಗಿತ್ತು, ಕೆಳಗಿನ ದಾರ ಹೊರುವ ದೋಣಿಯಾಕಾರದ ಶಟಲ್ ತನ್ನ ಗೂಡಿನಲ್ಲೇ ಕಚ್ಚಿಕೊಂಡಿತ್ತು. ಬಿಚ್ಚಿದ ಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಮೈಮೇಲಿನ ಚಿನ್ನದ ಬಣ್ಣದ ಹೂಗಳನ್ನು ಮಾತ್ರ ಮಷೀನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಅವಸರಪಟ್ಟರೆ ಕೊಳೆಯೊಂದಿಗೆ ಹೂವೂ ಎದ್ದುಬರುತ್ತದೆ. ಹಿಡಿಯ ಮರ ಸೀಳಿತ್ತು. ಬಡಗಿ ಹೊಸದನ್ನು ಕಡೆದುಕೊಟ್ಟ.

ಇಷ್ಟಾದ ಮೇಲೆ ಮೊದಲ ಹೊಲಿಗೆ ಯಾರು ಹಾಕಬೇಕು? ಈ ಮನೆಯಲ್ಲಿರುವ ಅಷ್ಟೂ ಮಷೀನುಗಳಿಗೆ ಮೊದಲ ಹೊಲಿಗೆ ನಿನ್ನದೇ. ನಿನ್ನ ಹೊಲಿಗೆ ಅಂಗಡಿಗೆ ರಜೆಯಿದ್ದ ದಿನ ನೀನು ಬಂದು, ಚಿಂದಿಬಟ್ಟೆಯೊಂದನ್ನು ಹೊಲಿದು, ತಲೆ ವಾರೆ ಮಾಡಿ ಸದ್ದು ಕೇಳಿ, "ಇನ್ನೂ ಕೆಮ್ಮುತ್ತೆ ಅಣ್ಣ, ಬಿಚ್ಚು" ಎನ್ನುತ್ತಿದ್ದೆ. ನಾನು ಮರುಮಾತಿಲ್ಲದೆ ಬಿಚ್ಚುತ್ತಿದ್ದೆ. ಈ ಸಲ ವಿಧಿಯಿಲ್ಲದೆ ನಾನೇ ಕುಳಿತೆ. ಕುಳಿತಲ್ಲಿ ಕೂರದ ನಮ್ಮ ಮೆಕ್ಯಾನಿಕ್ಕು, ಎಲ್ಲರೂ ಸ್ಪ್ರಿಂಗು ಎನ್ನುತ್ತಾರಲ್ಲ, ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದು, "ಇದೇನು ಸ್ವಾಮಿ, ಇರುವೆ ಸಾಲಾ? ಇರುವೆ ಆದ್ರೂ ನೆಟ್ಟಗೆ ಹೋಗುತ್ತೆ" ಎಂದ. ನನ್ನ ಸಾಲುಗಳ ನೇರವನ್ನು ಇದುವರೆಗೆ ಯಾವ ಅಧಿಕಾರಿಯೂ ಪ್ರಶ್ನಿಸಿಲ್ಲವೆಂದು ತಿಳಿಸಿದೆ. "ಬರೆಯೋಕೆ ಒಂದೇ ಕೈ ಸ್ವಾಮಿ, ಇಲ್ಲಿ ಎರಡಕ್ಕೂ ಕೆಲಸ. ಬಿಡಿ, ನಾನು ತಿರುಗಿಸ್ತೀನಿ, ನೀವು ಬಟ್ಟೆ ನೋಡ್ಕೊಳ್ಳಿ" ಎಂದು ಹಿಡಿಯನ್ನು ಕಿತ್ತುಕೊಂಡ.

ಹೊಲಿಗೆ ನೆಟ್ಟಗೆ ಬಂತೆಂದು ಹೇಳಲಾರೆ. ಆದರೆ ಬಟ್ಟೆಯನ್ನು ನಡೆಸುತ್ತಿದ್ದುದು ನನ್ನ ಎಡಗೈ ಒಂದೇ ಎಂಬುದು ಆಗ ಕಣ್ಣಿಗೆ ಬಿತ್ತು. ಬಲಗೈ ಮಾಡಲು ಕೆಲಸವಿಲ್ಲದೆ ತೊಡೆಯ ಮೇಲೆ ಸುಮ್ಮನಿತ್ತು.

ಆದಕಾರಣ ನನ್ನ ಪ್ರಾರ್ಥನೆ ಇಷ್ಟು. ಬರುವ ಭಾನುವಾರ ಸದರಿ ಮಷೀನನ್ನು ಅದರ ಮರದ ಪೆಟ್ಟಿಗೆಯಲ್ಲಿಟ್ಟುಕೊಂಡು ನಿನ್ನಲ್ಲಿಗೆ ಬರಲು ಅಪ್ಪಣೆಯಾಗಬೇಕು. ನಿನ್ನ ಹಾಸಿಗೆಯ ಪಕ್ಕದ ಮೇಜು ಸಾಕು. ಹಿಡಿ ನನ್ನದು, ಬಟ್ಟೆ ನಿನ್ನದು. ನಿಧಾನ ಎಂದರೆ ನಿಧಾನ, ನಿಲ್ಲು ಎಂದರೆ ನಿಲ್ಲುವೆ. ಹೊಲಿಗೆ ಸೊಟ್ಟಗಾದಲ್ಲಿ ತಪ್ಪು ತಿರುಗಿಸಿದವನದೆಂದು ಸಹಿ ಮಾಡಿಕೊಡಲೂ ಸಿದ್ಧನಿದ್ದೇನೆ. ನನ್ನ ಪ್ರಯತ್ನವನ್ನು ಮೊದಲ ಹೊಲಿಗೆಯೆಂದು ಪರಿಗಣಿಸತಕ್ಕದ್ದಲ್ಲ. ದಾರವನ್ನೆಲ್ಲ ಬಿಚ್ಚಿ ತೆಗೆದಿದ್ದೇನೆ. ಬೇಡವೆಂದಾದರೆ ಮಗಳಿಂದ ಹೇಳಿಸಬೇಡ, ನೀನೇ ಹೇಳು. ನಿನ್ನ ದನಿಯನ್ನಾದರೂ ಕೇಳಿದಂತಾಗುತ್ತದೆ.

ಮಕ್ಕಳು ಮೊಮ್ಮಕ್ಕಳೊಂದಿಗೆ ಸುಖವಾಗಿರು. ಕೊಟ್ಟ ಔಷಧಿಯನ್ನು ಹೂಕುಂಡಕ್ಕೆ ಹಾಕದೆ ನೀನೇ ಕುಡಿ. ನಿನಗೆ ಒಳ್ಳೆಯದಾಗಲಿ.

ಇಂತು,
ನಿನ್ನ ಅಣ್ಣ

ತಾ.ಕ.: ಮೇಲಿನದನ್ನು ಶುದ್ಧಪ್ರತಿ ಮಾಡಿ ಮುಗಿಸಿದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ನನಗೆ ಹಳೇ ಮಷೀನಿನ ಹುಚ್ಚೆಂದು ಬೀದಿಯವರೆಲ್ಲ ಅನ್ನುತ್ತಾರೆ, ನಾನೂ ಹೌದೆನ್ನುತ್ತೇನೆ. ನಿನ್ನ ಅತ್ತಿಗೆ ತೀರಿಕೊಂಡ ವರ್ಷ ಮೊದಲನೆಯದನ್ನು ತಂದಿದ್ದೆ. ಅದನ್ನು ನೋಡಲೆಂದು ನೀನು ಬಂದೆ, ದೀಪ ಹಚ್ಚುವ ಹೊತ್ತಿನವರೆಗೆ ಇದ್ದೆ. ಸುಮ್ಮನೆ ಬಂದು ಹೋಗು ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಎರಡನೆಯದನ್ನು ತಂದೆ. ಉಳಿದವೂ ಹಾಗೆಯೇ ಬಂದವು.