ಹನ್ನೊಂದರಿಂದ ಭಾಗವಾಗದ ಸಂಖ್ಯೆ

ಗಿರಿನಗರ
ಬುಧವಾರ, ಬೆಳಗಿನ ಜಾವ 2.40

ಪ್ರೀತಿಯ ಕಾತ್ಯಾಯಿನಿ,

ಎಚ್ಚರವಾದದ್ದು ಪಕ್ಕದ ಮನೆಯ ಟ್ಯಾಂಕ್ ತುಂಬಿ ನೀರು ಸುರಿಯುವ ಸದ್ದಿಗೆ. ಮಗಳ ಅಳುವಿಗಲ್ಲ. ಅವಳು ಅಳುವುದೇ ಇಲ್ಲ ಕಣೇ. ಹತ್ತೊಂಬತ್ತು ದಿನದ ಕೂಸು, ಹಾಲಿಗೂ ನಾನೇ ಎಬ್ಬಿಸಬೇಕು. ಬಂದವರೆಲ್ಲ "ಎಷ್ಟು ಸಾಧು ಮಗು, ಪುಣ್ಯ ಮಾಡಿದ್ದೆ" ಅನ್ನುತ್ತಾರೆ. ರಾತ್ರಿ ಪಾಳಿಯಲ್ಲಿ ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆದು ಫೋಟೋ ಕಳಿಸುತ್ತಿದ್ದೇನೆ. ಟೀ ಕುಡಿಯುವಾಗ ಓದು.

ನಿಮ್ಮ ಲ್ಯಾಬಿನ ವರದಿ ನಿನ್ನೆ ಬಂತು. ಹಿಮ್ಮಡಿ ಚುಚ್ಚಿ ತೆಗೆದ ರಕ್ತದ್ದು. ಥೈರಾಯ್ಡ್ ಕಡಿಮೆ, ಕೂಡಲೇ ಮತ್ತೆ ಪರೀಕ್ಷಿಸಿ ಎಂದಿದೆ. ಈಗಲೇ ಮಾತ್ರೆ ಶುರುಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದಂತೆ, ತಡವಾದರೆ ಬುದ್ಧಿ ಬೆಳೆಯದಂತೆ. ಆದರೆ ಆಸ್ಪತ್ರೆ ನಮಗೆ ಕೊಟ್ಟ ಸಂಖ್ಯೆ 20417309, ವರದಿಯಲ್ಲಿರುವುದು 20471309. ವಾರ್ಡಿನಲ್ಲಿ ಇನ್ನೊಬ್ಬ ಲಿಖಿತಾ ಇದ್ದಳು, ಇದು ಅವಳ ಮಗುವಿನದೇ ಎಂದು ಸೋಮನಾಥ್ ಕಾಗದ ಮಡಚಿಟ್ಟರು. ಅತ್ತೆಯಂತೂ, "ನಂಬರೇ ನಮ್ದಲ್ಲ ಅಂದ್ಮೇಲೆ ಕಾಯ್ಲೆ ಹೆಂಗವ್ವ ನಮ್ದಾಗ್ತದೆ?" ಅಂದರು.

ವಾರ್ಡಿನಲ್ಲಿ ನಿದ್ದೆ ಬಾರದೆ ತೊಟ್ಟಿಲುಗಳ ಮೇಲಿನ ಸಂಖ್ಯೆಗಳನ್ನು ಭಾಗಿಸುತ್ತಿದ್ದೆ. ಆರು ತೊಟ್ಟಿಲು, ಆರೂ ಹನ್ನೊಂದರಿಂದ ಶೇಷವಿಲ್ಲದೆ ಭಾಗವಾದವು. ಬರೆಯುವ ತಪ್ಪು ಸಿಕ್ಕಿಬೀಳಲೆಂದೇ ಕೊನೆಯ ಅಂಕಿಯನ್ನು ಹಾಗೆ ಹೊಂದಿಸಿರುತ್ತಾರೆ. ನಮ್ಮದರ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡು, ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯೋ ಹನ್ನೊಂದೋ ಬಂದರೆ ಭಾಗವಾಗುತ್ತದೆ. ಎರಡು, ನಾಲ್ಕು, ಏಳು, ಸೊನ್ನೆ ಸೇರಿ ಹದಿಮೂರು. ಸೊನ್ನೆ, ಒಂದು, ಮೂರು, ಒಂಬತ್ತು, ಅದೂ ಹದಿಮೂರು. ಎರಡು ಕೋಟಿ ದಾಟಿದ ಸಂಖ್ಯೆ ತಕ್ಕಡಿಯ ಹಾಗೆ ಸಮ ನಿಲ್ಲುತ್ತದೆ. ವರದಿಯದನ್ನು ಕೂಡಿದರೆ ಏಳು, ಹತ್ತೊಂಬತ್ತು. ವ್ಯತ್ಯಾಸ ಹನ್ನೆರಡು. ಭಾಗವಾಗುವುದಿಲ್ಲ.

ಮೊದಲು ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಮತ್ತೊಮ್ಮೆ ಕೂಡಿ ನೋಡಿದೆ. ಇನ್ನೊಬ್ಬಳ ಮಗುವಿನದಾಗಿದ್ದರೆ ಅದೂ ಹನ್ನೊಂದರಿಂದ ಭಾಗವಾಗಬೇಕಿತ್ತಲ್ಲ? ಆ ಸಂಖ್ಯೆಯ ಮಗುವೇ ಅಲ್ಲಿ ಹುಟ್ಟಿಲ್ಲ. ಯಾರೋ ಬರೆಯುವಾಗ ಒಂದನ್ನೂ ಏಳನ್ನೂ ಅದಲುಬದಲು ಮಾಡಿದ್ದಾರೆ. ರಕ್ತ ನನ್ನ ಮಗಳದೇ.

ಸೋಮನಾಥ್‌ಗೆ ಹೇಳಿದೆ. "ನಿನ್ ಎಂಎಸ್ಸಿ ಮುಗ್ದು ಆರು ವರ್ಷ ಆಯ್ತು, ಮಲ್ಕೊಳೇ" ಎಂದು ಮಗ್ಗುಲಾದರು. ಆರು ಗಂಟೆಗೆ ಕಾರು ಬರುತ್ತದೆ. ಮನೆದೇವರಿಗೆ ಹೋಗಿ, ಅಲ್ಲಿಂದ ಅತ್ತೆಯ ತಂಗಿ ಶರಣಮ್ಮನವರ ಊರಲ್ಲಿ ಒಂದು ತಿಂಗಳು. ಅಷ್ಟು ದಿನ ಕಾಯುವ ಹಾಗಿಲ್ಲ. ರಕ್ತದ ಜೊತೆ ಬಂದ ಫಾರಂ ತೆಗೆದು ನೋಡು. ನನ್ನ ಮಾತು ಇಲ್ಲಿ ನಡೆಯುವುದಿಲ್ಲ, ಲ್ಯಾಬಿನಿಂದ ನೀನು ಹೇಳಿದರೆ ಕೇಳುತ್ತಾರೆ.

ನಿನ್ನ,
ಲಿಖಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಆ ಫಾರಂನಲ್ಲಿ ಏಳರ ನಡುವೆ ಅಡ್ಡಗೀಟು ಇರುತ್ತದೆ. ನಮ್ಮ ಕ್ಲಾಸಿನಲ್ಲಿ ಹಾಗೆ ಬರೆಯುತ್ತಿದ್ದವಳು ನಾನೊಬ್ಬಳೇ. ನರ್ಸ್ ಪಂಕಜಾ ಕೈಯಲ್ಲಿ ಮಗುವಿತ್ತು, "ನೀವೇ ಬರ್ದ್‌ಬಿಡಿ ಮೇಡಂ" ಅಂದಿದ್ದರು. ನಿನ್ನೆ ಸೋಮನಾಥ್ ಆ ಪಂಕಜಾಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುವಾಗ ನಾನು ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ. ಬರೆದವಳು ನಾನೇ ಎಂದು ನೀನೇ ಸೋಮನಾಥ್‌ಗೆ ಹೇಳಿಬಿಡು. ದಮ್ಮಯ್ಯ, ಬೆಳಗಾಗುವ ಮೊದಲು ಫೋನ್ ಮಾಡೇ.