ಬಿಸಿಲು ಕಂಡ ಅಂಗಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಪೆನ್ನು ಹಿಡಿದರೆ ಕೈ ನನ್ನದಲ್ಲ ಅನ್ನಿಸುತ್ತಿತ್ತು, ಇಟ್ಟುಬಿಡುತ್ತಿದ್ದೆ. "ಒಂದ್ಸಲ ಜೋರಾಗಿ ಅತ್ತುಬಿಡೇ, ಹಗುರಾಗ್ತೀಯ" ಅಂತ ಬರೆದಿದ್ದೀಯ. ಇವರು ಹೋದಾಗಿನಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ಅಳು ಬರುತ್ತಿಲ್ಲ ಅಕ್ಕ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಮೈಯೆಲ್ಲ ಹಾಗಿದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಕೇಳಿದವರಿಗೆ ಆರಾಮ ಎನ್ನುತ್ತೇನೆ.

ಮತ್ತೆ ಲ್ಯಾಬಿಗೆ ಹೋಗುತ್ತಿದ್ದೇನೆ. ತಾರಸಿಯ ತೊಟ್ಟಿಗಳು ಇದ್ದಲ್ಲೇ ಇವೆ. ಇವರು ಕೆಲಸ ಮಾಡುತ್ತಿದ್ದ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಚರಂಡಿ ನೀರು ಈಗಲೂ ಡ್ರಮ್ಮುಗಳಲ್ಲಿ ಬರುತ್ತದೆ. ನಿನಗೆ ಎಷ್ಟು ಸಲ ಹೇಳಿದರೂ ನೀನು "ಅದೇನು ಮಾಟವೋ" ಅನ್ನುತ್ತಿದ್ದೆ. ಮಾಟವಲ್ಲ, ಟೈಟಾನಿಯಂ ಆಕ್ಸೈಡಿನ ಬಿಳಿ ಪುಡಿ. ಕತ್ತಲಲ್ಲಿ ಸುಮ್ಮನಿರುತ್ತದೆ; ಬಿಸಿಲು ಬಿದ್ದರೆ ನೀರಿನಲ್ಲಿರುವ ಬಣ್ಣವನ್ನು ಒಡೆದು ಇಲ್ಲದಂತೆ ಮಾಡುತ್ತದೆ. ತಾನು ಮಾತ್ರ ಸವೆಯುವುದಿಲ್ಲ. ಬೆಳಗ್ಗೆ ನೇರಳೆಯಾಗಿದ್ದ ನೀರು ಸಂಜೆಗೆ ತಿಳಿಯಾಗುತ್ತದೆ. "ನಾನು ಕೆಡಿಸ್ತೀನಿ, ನೀನು ಸರಿಮಾಡು. ಇಬ್ಬರ ಕೆಲಸಕ್ಕೂ ಮೋಸ ಇಲ್ಲ" ಎಂದು ಇವರು ತೊಟ್ಟಿಗೆ ಒರಗಿ ನಗುತ್ತಿದ್ದರು.

ಪುಡಿ ನೀರಿನ ಜೊತೆ ಹರಿದುಹೋಗದಿರಲಿ ಎಂದು ಅದನ್ನು ಬಟ್ಟೆಯ ಮೇಲೆ ಅಂಟಿಸಿ ತೊಟ್ಟಿಗೆ ಇಳಿಬಿಡುತ್ತೇವೆ. ಆ ಬಟ್ಟೆ ಬೆವರಿನ ವಾಸನೆಯನ್ನೂ ತೆಗೆಯುತ್ತದೆಯೇ ನೋಡಬೇಕೆಂದು ನಮ್ಮ ಲ್ಯಾಬಿನ ಹಿರಿಯರಿಗೆ ಆಸೆ. ಸದಾ ಪರೀಕ್ಷೆಯ ದೀಪಗಳ ಮುಂದೆ ಕೂತಿರುವುದರಿಂದ ಬೆನ್ನ ಹಿಂದೆ ನಾವು ಅವರನ್ನು ದೀಪದ ಮೇಷ್ಟ್ರು ಅನ್ನುತ್ತೇವೆ. ಆ ಬಟ್ಟೆಯ ಉಳಿದ ತುಂಡಿನಲ್ಲಿ ನಾನೇ ಇವರಿಗೊಂದು ಅಂಗಿ ಹೊಲಿದುಕೊಟ್ಟಿದ್ದೆ. ಇವರ ವಾಸನೆ ನಿನಗೆ ಗೊತ್ತಲ್ಲ! ಬಣ್ಣದ ತೊಟ್ಟಿಯ ಹುಳಿ, ಬಾಯ್ಲರಿನ ಹೊಗೆ, ಬೆವರು. ನಿಮ್ಮ ಮನೆಗೆ ಬಂದಾಗ ನೀನು ಮೆಲ್ಲಗೆ ಕಿಟಕಿ ತೆಗೆದಿದ್ದನ್ನು ಇವರು ಕೊನೆತನಕ ಆಡಿಕೊಂಡರು. ಆದರೆ ಕಿಟಕಿಯೇ ಇಲ್ಲದ ಶೆಡ್ಡಿನಲ್ಲಿ ದುಡಿದು, ಕತ್ತಲಾದ ಮೇಲೆ ಮನೆಗೆ ಬರುವ ಮನುಷ್ಯನ ಅಂಗಿಗೆ ಬಿಸಿಲು ಎಲ್ಲಿಂದ ಬರಬೇಕು? ವಾಸನೆ ಹಾಗೇ ಉಳಿಯಿತು. ಪರೀಕ್ಷೆ ಅರ್ಧಕ್ಕೆ ನಿಂತಿತು.

ಎದೆ ಹಿಡಿದುಕೊಂಡು ಶೆಡ್ಡಿನಲ್ಲಿ ಬಿದ್ದರಲ್ಲ, ಅದರ ಹಿಂದಿನ ಸಂಜೆ ಆ ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ್ದರು. ನಾನು ಅದನ್ನು ಲ್ಯಾಬಿನ ಕಪ್ಪು ಚೀಲಕ್ಕೆ ತುಂಬಿ, ಕಪಾಟಿನ ಒಳಗಿಟ್ಟೆ. ದಿನಾ ಬಾಗಿಲು ಹಾಕಿಕೊಂಡು, ಚೀಲದ ಬಾಯಿ ಚೂರು ಬಿಚ್ಚಿ ಮೂಸುತ್ತಿದ್ದೆ. ಆ ಗಳಿಗೆಯಲ್ಲಿ ಮಾತ್ರ ಎದೆಯೊಳಗೆ ಏನೋ ಚುರುಕ್ಕೆನ್ನುತ್ತಿತ್ತು. ನಾನೂ ಬದುಕಿದ್ದೇನೆ ಅನ್ನಿಸಲು ನನಗಿದ್ದದ್ದು ಅದೊಂದೇ.

ಹೋದ ತಿಂಗಳು ಮೇಷ್ಟ್ರು ಹಿಂಜರಿಯುತ್ತಲೇ ಕೇಳಿದರು: "ಆ ಅಂಗಿ ಇದ್ಯೇನಮ್ಮ? ಒಗೀದೆ ಹಾಗೇ ಕೊಡು. ಅಷ್ಟು ದಿನ ಮೈಮೇಲಿದ್ದ ಬಟ್ಟೆ ಬೇರೆ ಸಿಗಲ್ಲ." ಕೊಡಲ್ಲ ಸರ್ ಅಂದೆ. ಅಷ್ಟು ಒರಟಾಗಿ ಅವರೊಡನೆ ಎಂದೂ ಮಾತಾಡಿರಲಿಲ್ಲ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ನಿನ್ನೆ ನಾನೇ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ಕಂಕುಳ ಹತ್ತಿರ ಮೂಗಿಟ್ಟು ಮೂಸಿದರು. ಇನ್ನೊಮ್ಮೆ ಮೂಸಿದರು. "ಏನೂ ಇಲ್ಲ ಕಣಮ್ಮ! ಪೂರ್ತಿ ಕೆಲಸ ಮಾಡಿದೆ!" ಎಂದು ಎಲ್ಲರನ್ನೂ ಕರೆದು ತೋರಿಸಿದರು. ನಾನೂ ಹೌದು ಸರ್ ಅಂದೆ.

ಭಾವನವರಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿರಲಿ, ಚಿಕ್ಕಮ್ಮನ ಆಶೀರ್ವಾದ ಸದಾ ಇದೆ ಎಂದು ಹೇಳು. ದೊಡ್ಡವಳು ನೀನು, ನನ್ನ ಮೇಲೂ ನಿನ್ನ ಆಶೀರ್ವಾದವಿರಲಿ.

ಇಂತು ನಿನ್ನ
ಪುಟ್ಟಿ

ತಾ.ಕ.: ಕೊಡಲ್ಲ ಅಂದವಳು ಯಾಕೆ ಕೊಟ್ಟೆ ಎಂದು ಕೇಳುತ್ತೀಯ. ಹೋದ ವಾರ ಲ್ಯಾಬಿನ ಕೆಲಸಕ್ಕೆ ಪರವೂರಿಗೆ ಹೋಗಿದ್ದೆ. ಹೊರಡುವಾಗ ಅತ್ತೆಗೆ ಕಪಾಟು ತೋರಿಸಿ, ಆ ಅಂಗಿ ಮಾತ್ರ ಒಗೀಬೇಡಿ ಅಂದಿದ್ದೆ. ವಾಪಸು ಬಂದಾಗ ಬಾಲ್ಕನಿಯ ತಂತಿಯ ಮೇಲೆ ಅದೊಂದೇ ನೇತಾಡುತ್ತಿತ್ತು. "ನೀರು ಮುಟ್ಟಿಸಿಲ್ಲಮ್ಮ, ನೀನು ಹೇಳಿದ್ಯಲ್ಲ. ಚೀಲದಲ್ಲಿಟ್ರೆ ಬೂಷ್ಟು ಹಿಡಿದು ಹಾಳಾಗುತ್ತೆ ಅಂತ ದಿನಾ ಬಿಸಿಲಿಗೆ ಹಾಕ್ದೆ. ಒಳಮೈನೂ ತಿರುವಿ ಹಾಕಿದೀನಿ. ನನ್ನ ಮಗಂದು ಅಂತ ಇರೋದು ಅದೇ ತಾನೆ" ಅಂದರು. ಮಡಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವರ ಮುಂದೆಯೇ ಮುಖಕ್ಕೆ ಒತ್ತಿಕೊಂಡೆ. ಬರೀ ಬಟ್ಟೆ, ಅಕ್ಕ. "ಸರಿ ಮಾಡಿದ್ನಾ?" ಅಂತ ಕೇಳಿದರು. ಸರಿಯಾಗಿದೆ ಅತ್ತೆ ಅಂದೆ. ನೀನು ಬಂದಾಗ ಅವರ ಮುಂದೆ ಈ ಮಾತು ಎತ್ತಬೇಡ.